ನರ್ಸ್ ಡೈರಿ – 14: ಹೆಸರು ಕಳೆದುಕೊಂಡಿದ್ದ ಶುಗರ್ ಕಾಯಿಲೆ

ಟೈಪ್ 1, ಟೈಪ್ 2 ಬಗ್ಗೆ ಬರೆದಾಗ ಒಬ್ಬರು ಕೇಳಿದ್ದರು: "ಸಿಸ್ಟರ್, ಹೊಟ್ಟೆಗೆ ಸರಿಯಾಗಿ ಇಲ್ಲದವರಿಗೂ ಶುಗರ್ ಬರುತ್ತಾ?" ಬರುತ್ತೆ. ಅದಕ್ಕೆ ಎಪ್ಪತ್ತು ವರ್ಷದ ಕಥೆಯೇ ಇದೆ.

ಮೊದಲು ನನ್ನ ವಾರ್ಡಿನ ಒಂದು ರಾತ್ರಿ. ನಾನು ಕುವೈತ್‌ಗೆ ಬಂದ ಹೊಸತು, 2017. ಕಲಬುರಗಿ ಕಡೆಯ ಹುಡುಗ, ಕಟ್ಟಡ ಕೆಲಸ, ವಯಸ್ಸು 24, ತೂಕ 41 ಕೆಜಿ. ಶುಗರ್ 500 ದಾಟಿತ್ತು, ಆದರೆ ಮೂತ್ರದಲ್ಲಿ ಕೀಟೋನ್ ಇರಲಿಲ್ಲ. ಫೈಲಿನಲ್ಲಿ ಟೈಪ್ 1 ಎಂದಿತ್ತು. ಬರೆದಷ್ಟು ಯುನಿಟ್ ಇನ್ಸುಲಿನ್ ಕೊಟ್ಟೆ. ಅವನು ಊಟ ಅರ್ಧಕ್ಕೇ ಬಿಟ್ಟಿದ್ದ, ನಾನು ಗಮನಿಸಲಿಲ್ಲ. ರಾತ್ರಿ ಎರಡು ಗಂಟೆಗೆ ನೋಡಿದರೆ ಮೈಯೆಲ್ಲ ಬೆವರು, ಮಾತು ತೊದಲು, ಶುಗರ್ 38! ಗ್ಲೂಕೋಸ್ ಹಾಕಿದೆವು, ಉಳಿದ.

ಬೆಳಿಗ್ಗೆ ಕೇಳಿದ: "ಅಕ್ಕಾ, ನಮ್ಮನಿಯಾಗ ಯಾರಿಗೂ ಶುಗರ್ ಇಲ್ರಿ. ಸಣ್ಣಾವ ಇದ್ದಾಗ ಒಂದ್ ಹೊತ್ತು ಉಂಡ್ರ ಇನ್ನೊಂದ್ ಹೊತ್ತು ಇರ್ತಿರ್ಲಿಲ್ಲ. ನನಗ್ಯಾಕ ಬಂತ್ರಿ?"

ನನ್ನ ಬಳಿ ಉತ್ತರ ಇರಲಿಲ್ಲ.

ಉತ್ತರದ ಒಂದು ತುಂಡು 1955ರಲ್ಲೇ ಸಿಕ್ಕಿತ್ತು. ಜಮೈಕಾದಲ್ಲಿ ಫಿಲಿಪ್ ಹ್ಯೂ-ಜೋನ್ಸ್ ಎಂಬ ಬ್ರಿಟಿಷ್ ವೈದ್ಯರು ಕೆಲವು ವಿಚಿತ್ರ ರೋಗಿಗಳನ್ನು ಕಂಡರು. ಎಲ್ಲರೂ ಚಿಕ್ಕ ವಯಸ್ಸಿನವರು, ಬಡಕಲು ಮೈ. ಶುಗರ್ ವಿಪರೀತ, ಆದರೂ ಟೈಪ್ 1ರಂತೆ ಕೀಟೋನ್ ಏರುತ್ತಿರಲಿಲ್ಲ. ಜಮೈಕಾದ ಮೊದಲ ಅಕ್ಷರ ಹಿಡಿದು ಅದಕ್ಕೆ 'ಜೆ ಟೈಪ್' ಎಂದರು. ಅವರಿಗೆ ಇನ್ಸುಲಿನ್ ಬಹಳ ಬೇಕಾಗುತ್ತಿತ್ತು ಎಂದೂ ಬರೆದರು. ಹಾಗಾಗಿ ಇಂಥವರ ದೇಹ ಇನ್ಸುಲಿನ್‌ಗೆ ಬಗ್ಗುವುದಿಲ್ಲ ಎಂಬ ನಂಬಿಕೆ ಉಳಿದುಬಿಟ್ಟಿತು.

ಮುಂದೆ ಭಾರತ, ಇಂಡೋನೇಷ್ಯಾ, ಆಫ್ರಿಕಾದಿಂದಲೂ ಇಂಥ ವರದಿಗಳು ಬಂದವು. 1985ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ 'ಅಪೌಷ್ಟಿಕತೆಗೆ ಸಂಬಂಧಿಸಿದ ಮಧುಮೇಹ' ಎಂದು ಪ್ರತ್ಯೇಕ ಗುಂಪು ಮಾಡಿತು. ಅದರಲ್ಲಿ ಎರಡು ಬಗೆ: ಮೇದೋಜೀರಕ ಗ್ರಂಥಿಯಲ್ಲಿ ಕಲ್ಲು ಕಟ್ಟುವುದು ಒಂದು, ಪ್ರೋಟೀನ್ ಕೊರತೆಯದು ಇನ್ನೊಂದು. 1999ರಲ್ಲಿ ಆ ಗುಂಪನ್ನೇ ತೆಗೆದರು. ಕಲ್ಲಿನದನ್ನು ಗ್ರಂಥಿಯ ಕಾಯಿಲೆಗಳ ಜೊತೆ ಸೇರಿಸಿದರು. ಪ್ರೋಟೀನ್ ಕೊರತೆಯಿಂದ ಶುಗರ್ ಬರುತ್ತದೆ ಎನ್ನಲು ಸಾಕ್ಷಿ ಸಾಲದು ಎಂದು ಇನ್ನೊಂದನ್ನು ಕೈಬಿಟ್ಟರು. ನಾನು ಬಿಎಸ್ಸಿ ಓದುವಾಗ ಸೀನಿಯರ್ ಅಕ್ಕನ ನೋಟ್ಸಿನಲ್ಲಿ ಆ ಸಾಲಿನ ಮೇಲೆ ಗೀಟು ಎಳೆದಿತ್ತು: "ಪರೀಕ್ಷೆಗಿಲ್ಲ."

ಹೆಸರು ಹೋಯಿತು, ರೋಗಿಗಳು ಹೋಗಲಿಲ್ಲ. ಟೈಪ್ 1 ಅಥವಾ 2 ಎಂಬ ಚೀಟಿ ಅಂಟಿಸಿಕೊಂಡು ಬರುತ್ತಲೇ ಇದ್ದರು.

2022ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ನಿಹಾಲ್ ಥಾಮಸ್, ನ್ಯೂಯಾರ್ಕಿನ ಮೆರೆಡಿತ್ ಹಾಕಿನ್ಸ್ ತಂಡದ ಅಧ್ಯಯನ ಪ್ರಕಟವಾಯಿತು. ಇಂಥವರ ದೇಹ ಇನ್ಸುಲಿನ್‌ಗೆ ಚೆನ್ನಾಗಿಯೇ ಸ್ಪಂದಿಸುತ್ತದೆ. ತಯಾರಾಗುವ ಇನ್ಸುಲಿನ್ನೇ ಕಡಿಮೆ, ಆದರೆ ಟೈಪ್ 1ರಷ್ಟು ಖಾಲಿಯಲ್ಲ. ಹಳೆಯ ನಂಬಿಕೆ ತಲೆಕೆಳಗಾಯಿತು! 2025ರ ಏಪ್ರಿಲ್‌ನಲ್ಲಿ ಬ್ಯಾಂಕಾಕಿನಲ್ಲಿ ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟ ಇದಕ್ಕೆ 'ಟೈಪ್ 5' ಎಂಬ ಹೆಸರು ಕೊಟ್ಟಿತು.

ಹೆಸರಿನಲ್ಲೇನಿದೆ ಅಂತೀರಾ? ಆ ರಾತ್ರಿ ನೆನಪಿಸಿಕೊಳ್ಳಿ. ಇಂಥವರಿಗೆ ಸ್ವಲ್ಪ ಇನ್ಸುಲಿನ್ ಸಾಕಾಗಬಹುದು. ಹೆಚ್ಚಾದರೆ, ಅದೂ ಊಟ ತಪ್ಪಿದ ದಿನ, ಜೀವಕ್ಕೇ ಅಪಾಯ. ಮೈಯಲ್ಲಿ ಮಾಂಸವೇ ಇಲ್ಲದವರಿಗೆ "ಊಟ ಕಡಿಮೆ ಮಾಡಿ" ಎನ್ನುವುದೂ ತಪ್ಪು, ಅವರಿಗೆ ಬೇಕಿರುವುದು ಬೇಳೆ, ಮೊಟ್ಟೆ, ಹೊಟ್ಟೆ ತುಂಬ ಊಟ.

ಆ ಹುಡುಗನಿಗೆ ಇದೇ ಇತ್ತು ಎಂದು ನಾನು ಹೇಳಲಾರೆ. ಆಂಟಿಬಾಡಿ, ಸಿ-ಪೆಪ್ಟೈಡ್ ಪರೀಕ್ಷೆ ಆಗಿರಲಿಲ್ಲ. ನಿಮ್ಮವರಲ್ಲಿ ಯಾರಾದರೂ ಸಣಕಲಾಗಿದ್ದು ಶುಗರ್ ಇದ್ದರೆ ಈ ಎರಡು ಪರೀಕ್ಷೆಗಳ ಬಗ್ಗೆ ಡಾಕ್ಟರನ್ನು ಕೇಳಿ. ದಯವಿಟ್ಟು ನೀವೇ ಇನ್ಸುಲಿನ್ ಕಡಿಮೆ ಮಾಡಬೇಡಿ, ನಿಲ್ಲಿಸಬೇಡಿ.

ಈಗ ನಾನು ಸೂಜಿ ಹಿಡಿಯುವ ಮೊದಲು ತಟ್ಟೆ ನೋಡುತ್ತೇನೆ. ಆಮೇಲೆ ಕೇಳುತ್ತೇನೆ: "ಚಿಕ್ಕವರಿದ್ದಾಗ ಊಟಕ್ಕೆ ಹೇಗಿತ್ತು?"

ಮುಂದಿನ ಭಾಗದಲ್ಲಿ, ಮನೆತನದಲ್ಲೇ ಹರಿದುಬರುವ ಮೋಡಿ ಎಂಬ ಶುಗರ್ ಬಗ್ಗೆ.