ಗುರಿ ಸರಿಯಿದ್ದರೂ ಬೌಲಿಂಗ್ ಪಿನ್‌ಗಳು ಬೀಳುವುದಿಲ್ಲವೇಕೆ? 'ಸ್ಪ್ಲಿಟ್' ಹಿಂದಿನ ಅಸಲಿ ಲೆಕ್ಕ ಇಲ್ಲಿದೆ

ಮಾಲ್‌ನ ಗೇಮಿಂಗ್ ಝೋನ್‌ನಲ್ಲಿ ಈ ದೃಶ್ಯವನ್ನು ನೀವೂ ನೋಡಿರಬಹುದು. ಒಬ್ಬರು ಕಣ್ಣು ಕಿರಿದು ಮಾಡಿ, ಗುರಿಯಿಟ್ಟು ಬೌಲಿಂಗ್ ಚೆಂಡು ಉರುಳಿಸುತ್ತಾರೆ. ಚೆಂಡು ಗೆರೆ ಎಳೆದಂತೆ ಹೋಗಿ ಮುಂದಿನ ಪಿನ್‌ನ ನಟ್ಟನಡುವೆ ಬಡಿಯುತ್ತದೆ. ಆದರೆ ಬೀಳುವುದು ಆರೇ ಪಿನ್. ಎಡಕ್ಕೆ ಎರಡು, ಬಲಕ್ಕೆ ಎರಡು ಹಾಗೇ ನಿಂತಿರುತ್ತವೆ. ಪಕ್ಕದ ಲೇನ್‌ನಲ್ಲಿ ಅಡ್ಡಾದಿಡ್ಡಿ ಎಸೆದವರಿಗೆ ಹತ್ತೂ ಪಿನ್ ಬಿದ್ದು ಸ್ಟ್ರೈಕ್!

'ಮೆಷಿನ್‌ನಲ್ಲೇ ಏನೋ ಸೆಟ್ಟಿಂಗ್ ಇದೆ', 'ಇನ್ನೂ ಜೋರಾಗಿ ಎಸೆಯಬೇಕಿತ್ತು', 'ಇದೆಲ್ಲ ಬರೀ ಲಕ್' ಎಂಬ ಮಾತುಗಳು ಆಗ ಕೇಳಿಬರುತ್ತವೆ. ಇವುಗಳಲ್ಲಿ ಯಾವುದು ಎಷ್ಟು ಸರಿ? ಬನ್ನಿ, ತಿಳಿಯೋಣ. ಅಂದಹಾಗೆ ನಾವು ಹೇಳುತ್ತಿರುವುದು ಕ್ರಿಕೆಟ್ ಬೌಲಿಂಗ್ ಬಗ್ಗೆ ಅಲ್ಲ, ಹತ್ತು ಪಿನ್ ಉರುಳಿಸುವ ಟೆನ್‌ಪಿನ್ ಬೌಲಿಂಗ್ ಬಗ್ಗೆ.

ಚುಟುಕಾಗಿ ಹೇಳುವುದಾದರೆ

• ಮುಂದಿನ ಪಿನ್‌ನ ನಟ್ಟನಡುವೆ ಹೊಡೆಯುವುದು ಒಳ್ಳೆಯ ಗುರಿಯಲ್ಲ. ಸ್ಪ್ಲಿಟ್ ಆಗಲು ಅದೇ ದೊಡ್ಡ ಕಾರಣ.
• ಸರಿಯಾದ ಜಾಗಕ್ಕೆ ಬಿದ್ದ ಚೆಂಡೂ ಸರಿಯಾದ ಕೋನದಲ್ಲಿ ಒಳಹೋಗದಿದ್ದರೆ ಸ್ಪ್ಲಿಟ್ ಆಗಬಹುದು.
• ಒಂದೆರಡು ಸೆಂಟಿಮೀಟರ್ ವ್ಯತ್ಯಾಸ ಪಿನ್‌ನಿಂದ ಪಿನ್‌ಗೆ ಹೋಗುತ್ತಾ ದೊಡ್ಡದಾಗುತ್ತದೆ.
• ಜೋರಾಗಿ ಎಸೆದ ಮಾತ್ರಕ್ಕೆ ಇದು ಸರಿಹೋಗುವುದಿಲ್ಲ.

ಸ್ಪ್ಲಿಟ್ ಎಂದರೇನು?

ಹತ್ತು ಪಿನ್‌ಗಳನ್ನು ತ್ರಿಕೋನಾಕಾರದಲ್ಲಿ ನಿಲ್ಲಿಸಿರುತ್ತಾರೆ. ಮುಂದೆ 1, ಅದರ ಹಿಂದೆ 2 ಮತ್ತು 3, ಆಮೇಲೆ 4, 5, 6, ಕೊನೆಯ ಸಾಲಿನಲ್ಲಿ ಎಡದಿಂದ ಬಲಕ್ಕೆ 7, 8, 9, 10. ಒಂದು ಪಿನ್‌ನ ಮಧ್ಯದಿಂದ ಪಕ್ಕದ ಪಿನ್‌ನ ಮಧ್ಯಕ್ಕೆ 12 ಇಂಚು, ಅಂದರೆ ಸುಮಾರು 30.5 ಸೆಂ.ಮೀ.

1ನೇ ಪಿನ್ ಬಿದ್ದು, ಉಳಿದವುಗಳಲ್ಲಿ ಎರಡು ಅಥವಾ ಹೆಚ್ಚು ಪಿನ್‌ಗಳು ನಡುವೆ ಖಾಲಿ ಜಾಗ ಬಿಟ್ಟು ದೂರ ದೂರ ನಿಂತರೆ ಅದೇ ಸ್ಪ್ಲಿಟ್. ಎರಡನೇ ಎಸೆತದಲ್ಲಿ ಇವನ್ನು ಒಟ್ಟಿಗೆ ಬೀಳಿಸುವುದು ಕಷ್ಟ.

ತಪ್ಪು ಕಲ್ಪನೆ 1: 'ನಟ್ಟನಡುವೆ ಹೊಡೆದರೆ ಎಲ್ಲವೂ ಬೀಳುತ್ತವೆ'

ಕೇರಂ ಆಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಸ್ಟ್ರೈಕರ್ ಯಾವ ಕಡೆಯಿಂದ ಬಂತು ಎನ್ನುವುದಕ್ಕಿಂತ ಕಾಯಿಯ ಯಾವ ಬದಿಗೆ ತಾಗಿತು ಎನ್ನುವುದೇ ಮುಖ್ಯ. ಕಾಯಿ ತಾಗಿದ ಬದಿಯ ಎದುರು ದಿಕ್ಕಿಗೆ ಹೋಗುತ್ತದೆ. ಪಿನ್‌ಗಳ ಕಥೆಯೂ ಇದೇ.

ಚೆಂಡು 1ನೇ ಪಿನ್‌ಗೆ ನಟ್ಟನಡುವೆ ಬಡಿದರೆ ಆ ಪಿನ್ ನೇರವಾಗಿ ಹಿಂದಕ್ಕೆ ಹಾರುತ್ತದೆ. ಅದರ ಹಿಂದೆಯೇ ಚೆಂಡು 2 ಮತ್ತು 3ರ ನಡುವೆ ನುಗ್ಗಿ ಅವೆರಡನ್ನೂ ಪಕ್ಕಕ್ಕೆ ತಳ್ಳುತ್ತದೆ. ಸಮಸ್ಯೆ ಇರುವುದು ಇಲ್ಲೇ. 2ರಿಂದ ನೋಡಿದರೆ 4ನೇ ಪಿನ್ ಇರುವುದು ನೇರ ದಿಕ್ಕಿನಿಂದ 30 ಡಿಗ್ರಿ ಎಡಕ್ಕೆ. ಆದರೆ ಚೆಂಡು ಬದಿಗೆ ತಾಗಿದ್ದರಿಂದ 2ನೇ ಪಿನ್ 60 ಡಿಗ್ರಿಗೂ ಹೆಚ್ಚು ಎಡಕ್ಕೆ ಹಾರುತ್ತದೆ. ಹೀಗಾಗಿ ಅದು 4ರ ಮುಂದಿನಿಂದ, ಸುಮಾರು 5 ಸೆಂ.ಮೀ. ಅಂತರ ಬಿಟ್ಟು, ಪಕ್ಕಕ್ಕೆ ಜಾರಿಹೋಗುತ್ತದೆ. ಬಲಗಡೆ 3ನೇ ಪಿನ್ 6ನ್ನು ತಪ್ಪಿಸುವುದೂ ಹೀಗೆಯೇ. 4 ಬೀಳದಿದ್ದರೆ ಅದರ ಹಿಂದಿನ 7ನ್ನು, 6 ಬೀಳದಿದ್ದರೆ ಅದರ ಹಿಂದಿನ 10ನ್ನು ಬೀಳಿಸುವವರು ಯಾರು?

ಫಲಿತಾಂಶ: 4, 6, 7, 10 ನಿಂತೇ ಇರುತ್ತವೆ. ಆಟಗಾರರು ಇದನ್ನು 'ಬಿಗ್ ಫೋರ್' ಎನ್ನುತ್ತಾರೆ. ಕೈ ತಪ್ಪಿದ್ದರಿಂದ ಹೀಗಾದದ್ದಲ್ಲ, ಗುರಿಯನ್ನೇ ತಪ್ಪಾಗಿ ಆರಿಸಿಕೊಂಡದ್ದರಿಂದ ಆದದ್ದು.

ಸ್ಟ್ರೈಕ್‌ನಲ್ಲಿ ಚೆಂಡು ಮುಟ್ಟುವುದು ನಾಲ್ಕೇ ಪಿನ್!

ಬಲಗೈ ಆಟಗಾರರಿಗೆ ಸರಿಯಾದ ಗುರಿ 1 ಮತ್ತು 3ರ ನಡುವಿನ ಸಂದು. ಇದಕ್ಕೆ 'ಪಾಕೆಟ್' ಎಂದು ಹೆಸರು. ಎಡಗೈ ಆಟಗಾರರಿಗೆ 1 ಮತ್ತು 2ರ ನಡುವೆ.

ಅಚ್ಚುಕಟ್ಟಾದ ಸ್ಟ್ರೈಕ್‌ನಲ್ಲಿ ಚೆಂಡು ತಾನಾಗಿ ತಾಗುವುದು 1, 3, 5 ಮತ್ತು 9ಕ್ಕೆ ಮಾತ್ರ. ಉಳಿದ ಆರನ್ನು ಬೀಳಿಸುವುದು ಪಿನ್‌ಗಳೇ. 1ನೇ ಪಿನ್ 2ನ್ನು, 2 ಹೋಗಿ 4ನ್ನು, 4 ಹೋಗಿ 7ನ್ನು ಬೀಳಿಸುತ್ತದೆ. ಬಲಗಡೆ 3ನೇ ಪಿನ್ 6ನ್ನು, 6 ಹೋಗಿ 10ನ್ನು ಬೀಳಿಸುತ್ತದೆ. ನಡುವೆ 5ನೇ ಪಿನ್ 8ಕ್ಕೆ ಬಡಿಯುತ್ತದೆ. ಈ ಸರಪಳಿಯ ಒಂದು ಕೊಂಡಿ ತಪ್ಪಿದರೂ ಹಿಂದಿನ ಪಿನ್ ಉಳಿದುಬಿಡುತ್ತದೆ.

ಪಾಕೆಟ್‌ಗೇ ಬಿದ್ದರೂ ಸ್ಪ್ಲಿಟ್ ಏಕೆ?

ಮೊದಲ ಕಾರಣ, ಚೆಂಡು ದಾರಿ ತಪ್ಪುವುದು. ಬೌಲಿಂಗ್ ಚೆಂಡಿನ ಗರಿಷ್ಠ ತೂಕ 7.26 ಕೆ.ಜಿ. ಒಂದು ಪಿನ್ ಸುಮಾರು 1.6 ಕೆ.ಜಿ. ಚೆಂಡೇ ಭಾರವಾದರೂ 1ನೇ ಪಿನ್‌ನ ಬಲಬದಿಗೆ ಬಡಿದ ಕೂಡಲೇ ಅದು ಸ್ವಲ್ಪ ಬಲಕ್ಕೆ ವಾಲುತ್ತದೆ. ಸ್ಥೂಲವಾಗಿ ಲೆಕ್ಕ ಹಾಕಿದರೆ 6.8 ಕೆ.ಜಿ. ಚೆಂಡು 10 ಡಿಗ್ರಿಯಷ್ಟು ವಾಲುತ್ತದೆ. ಮಾಲ್‌ಗಳಲ್ಲಿ ಹೆಚ್ಚಿನವರು ಎತ್ತಿಕೊಳ್ಳುವ 4.5 ಕೆ.ಜಿ. ಚೆಂಡಾದರೆ 15 ಡಿಗ್ರಿಯಷ್ಟು. ಹೀಗೆ ವಾಲಿದ ಚೆಂಡು 5ನೇ ಪಿನ್ ತನಕ ತಲುಪದೆ ಬಲಕ್ಕೆ ಹೊರಟುಹೋದರೆ 5 ಮತ್ತು 7 ನಿಲ್ಲುತ್ತವೆ. 5ನ್ನು ಬರೀ ಸವರಿದರೆ ಆ ಪಿನ್ 8ರ ಮುಂದಿನಿಂದ ಎಡಕ್ಕೆ ಹಾರುತ್ತದೆ. ಅತ್ತ 6ನೇ ಪಿನ್ ಕೂಡ 10ನ್ನು ತಪ್ಪಿಸಿದರೆ 8 ಮತ್ತು 10 ಉಳಿಯುತ್ತವೆ.

ಎರಡನೇ ಕಾರಣ, ಒಳಹೋಗುವ ಕೋನ. ನುರಿತವರ ಚೆಂಡು ಕೊನೆಯಲ್ಲಿ ಬಳುಕಿ ಬಲದಿಂದ ಎಡಕ್ಕೆ ತಿರುಗುವುದನ್ನು ನೀವು ವಿಡಿಯೊಗಳಲ್ಲಿ ನೋಡಿರುತ್ತೀರಿ. ಅದು ಸ್ಟೈಲ್‌ಗಾಗಿ ಅಲ್ಲ! ಪಾಕೆಟ್‌ಗೆ ಸುಮಾರು 6 ಡಿಗ್ರಿ ಕೋನದಲ್ಲಿ ನುಗ್ಗಿದ ಚೆಂಡು ಬಲಕ್ಕೆ ವಾಲಿದರೂ ನಡುವಿನ 5ನ್ನು ಬಿಡುವುದಿಲ್ಲ. ಆದರೆ ನೇರವಾಗಿ ಎಸೆಯುವವರಿಗೆ ಈ ಕೋನ ಸಿಗುವುದಿಲ್ಲ. ಲೇನ್ 60 ಅಡಿ ಉದ್ದ, ಅಗಲ ಮಾತ್ರ ಮೂರೂವರೆ ಅಡಿ. ತೀರಾ ಬಲ ಅಂಚಿನಿಂದ ಎಸೆದರೂ ನೇರ ಚೆಂಡಿನ ಕೋನ ಸುಮಾರು ಒಂದೂವರೆ ಡಿಗ್ರಿ ಅಷ್ಟೇ.

ಮೂರನೇ ಕಾರಣ, ತಪ್ಪು ಬೆಳೆಯುತ್ತಾ ಹೋಗುವುದು. ಚೆಂಡು ಸರಿಯಾದ ಜಾಗದಿಂದ ಬರೀ 1 ಸೆಂ.ಮೀ. ಪಕ್ಕಕ್ಕೆ ಬಿತ್ತು ಎಂದುಕೊಳ್ಳಿ. ದುಂಡಗಿನ ವಸ್ತುಗಳು ಒಂದಕ್ಕೊಂದು ಬಡಿಯುವ ಸಾಮಾನ್ಯ ಲೆಕ್ಕದ ಪ್ರಕಾರ, 1ನೇ ಪಿನ್ ಹಾರುವ ದಿಕ್ಕು ಸುಮಾರು 4 ಡಿಗ್ರಿ ಬದಲಾಗುತ್ತದೆ. ಅದು 2ನೇ ಪಿನ್ ತಲುಪುವಾಗ ವ್ಯತ್ಯಾಸ 2 ಸೆಂ.ಮೀ., 4ನ್ನು ತಲುಪುವಾಗ 3 ಸೆಂ.ಮೀ., 7ನ್ನು ತಲುಪುವಾಗ 4 ಸೆಂ.ಮೀ.ಗೂ ಹೆಚ್ಚು. ಚೆಂಡು 2 ಸೆಂ.ಮೀ. ತಪ್ಪಿದರೆ ಕೊನೆಯಲ್ಲಿ 9 ಸೆಂ.ಮೀ. ಆಸುಪಾಸು. ಪಿನ್‌ನ ದಪ್ಪವೇ 12 ಸೆಂ.ಮೀ. ಇರುವಾಗ ಇಷ್ಟು ತಪ್ಪಿದ ಪಿನ್ ಬಡಿಯುವ ಬದಲು ಸವರಿಕೊಂಡು ಹೋಗಬಹುದು.

60 ಅಡಿ ದೂರದಲ್ಲಿ 1 ಸೆಂ.ಮೀ. ಎಂದರೆ ಕೈ ಒಂದು ಡಿಗ್ರಿಯ ನೂರರಲ್ಲಿ ಮೂರು ಭಾಗದಷ್ಟು ತಿರುಗಿದಂತೆ. ಕಣ್ಣಿಗೆ ಎರಡು ಎಸೆತಗಳು ಒಂದೇ ಥರ ಕಂಡರೂ ಪಿನ್‌ಗಳಿಗೆ ಅವು ಬೇರೆ ಬೇರೆ.

ಕಣ್ಣಿಗೆ ಕಾಣದ ಎಣ್ಣೆ

ಲೇನ್‌ನ ಮುಂಭಾಗಕ್ಕೆ, ಸಾಮಾನ್ಯವಾಗಿ 40 ಅಡಿಯಷ್ಟು ದೂರ, ತೆಳುವಾಗಿ ಎಣ್ಣೆ ಹಚ್ಚಿರುತ್ತಾರೆ. ಎಣ್ಣೆಯ ಮೇಲೆ ಚೆಂಡು ಜಾರುತ್ತದೆ, ಅದು ಮುಗಿದ ಮೇಲೆ ಹಿಡಿತ ಸಿಕ್ಕಿ ತಿರುಗುತ್ತದೆ. ಚೆಂಡುಗಳು ಉರುಳಿದಂತೆಲ್ಲ ಈ ಎಣ್ಣೆ ಅಲ್ಲಲ್ಲಿ ಕಡಿಮೆಯಾಗುತ್ತಾ, ಮುಂದಕ್ಕೆ ಹರಡುತ್ತಾ ಹೋಗುತ್ತದೆ. ಆದ್ದರಿಂದ ಚೆಂಡು ತಿರುಗಿಸುವವರಿಗೆ ಆಟದ ಆರಂಭದಲ್ಲಿ ಸ್ಟ್ರೈಕ್ ಕೊಟ್ಟ ಅದೇ ಎಸೆತ ಅರ್ಧ ಗಂಟೆಯ ನಂತರ ಸ್ಪ್ಲಿಟ್ ಕೊಡಬಹುದು.

ತಪ್ಪು ಕಲ್ಪನೆ 2: 'ಜೋರಾಗಿ ಎಸೆದರೆ ಸಾಕು'

ಚೆಂಡು ಪಿನ್‌ಗೆ ತಾಗಿ ಎಷ್ಟು ಡಿಗ್ರಿ ವಾಲುತ್ತದೆ ಎಂಬುದು ಮುಖ್ಯವಾಗಿ ಎರಡರ ತೂಕ ಮತ್ತು ತಾಗಿದ ಜಾಗವನ್ನು ಅವಲಂಬಿಸಿದೆ. ವೇಗ ಎರಡು ಪಟ್ಟಾದರೂ ಆ ಕೋನ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ತಪ್ಪು ಜಾಗಕ್ಕೆ ಜೋರಾಗಿ ಬಡಿದರೆ ಅದೇ ಪಿನ್‌ಗಳು ಇನ್ನೂ ಬೇಗ ತಪ್ಪು ದಿಕ್ಕಿಗೆ ಹಾರುತ್ತವೆ. ಜೊತೆಗೆ, ಶಕ್ತಿ ಹಾಕಲು ಹೋಗಿ ಮಣಿಕಟ್ಟು, ಭುಜ ಉಳುಕಿಸಿಕೊಳ್ಳುವ ಅಪಾಯ ಬೇರೆ.

ತಪ್ಪು ಕಲ್ಪನೆ 3: 'ಮೆಷಿನ್ ಮೋಸ ಮಾಡುತ್ತದೆ'

ಸ್ಪ್ಲಿಟ್ ಆಯಿತು ಎನ್ನುವುದೊಂದೇ ಮೋಸಕ್ಕೆ ಸಾಕ್ಷಿಯಲ್ಲ. ಮೇಲೆ ಹೇಳಿದ ಮೂರು ಕಾರಣಗಳೇ ಅದಕ್ಕೆ ಸಾಕು. ಆದರೆ ಒಂದು ಮಾತು ನಿಜ. ಕೆಲವು ಕಡೆ ಪಿನ್‌ಗಳ ತಲೆಗೆ ದಾರ ಕಟ್ಟಿರುತ್ತಾರೆ. ಬಿದ್ದ ಪಿನ್‌ಗಳನ್ನು ಮೆಷಿನ್ ದಾರ ಎಳೆದು ಮತ್ತೆ ನಿಲ್ಲಿಸುತ್ತದೆ. ದಾರವಿದ್ದರೆ ಪಿನ್ ಹಾರುವ, ಉರುಳುವ ರೀತಿಯೇ ಬೇರೆ. ಅಮೆರಿಕದ ಬೌಲಿಂಗ್ ಆಡಳಿತ ಸಂಸ್ಥೆ ಯುಎಸ್‌ಬಿಸಿ ಕೂಡ 2023ರಲ್ಲಿ ದಾರದ ಪಿನ್ ಆಟವನ್ನು ಪ್ರತ್ಯೇಕ ವಿಭಾಗವಾಗಿಯೇ ಮಾನ್ಯ ಮಾಡಿತು. ಹಾಗಾಗಿ ಎರಡು ಬಗೆಯ ಲೇನ್‌ಗಳ ಸ್ಕೋರ್ ಹೋಲಿಸುವುದು ಸರಿಯಲ್ಲ. ಆದರೂ ಇದು ಎಲ್ಲ ಆಟಗಾರರಿಗೂ ಒಂದೇ ಥರ ಅನ್ವಯವಾಗುವ ವ್ಯತ್ಯಾಸ, ಯಾರೋ ಒಬ್ಬರಿಗೆ ಮಾಡುವ ಮೋಸ ಅಲ್ಲ.

ಅತಿ ಕಷ್ಟದ ಸ್ಪ್ಲಿಟ್ ಯಾವುದು?

ಹಿಂದಿನ ಸಾಲಿನ ಎರಡು ಮೂಲೆಗಳಲ್ಲಿ ನಿಲ್ಲುವ 7-10 ಬಹಳ ಹೆಸರುವಾಸಿ. ಎರಡರ ನಡುವೆ 91 ಸೆಂ.ಮೀ. ಅಂತರ. ಚೆಂಡಿನ ಅಗಲ ಸುಮಾರು 22 ಸೆಂ.ಮೀ. ಒಂದೇ ಚೆಂಡು ಎರಡಕ್ಕೂ ತಾಗುವ ಮಾತೇ ಇಲ್ಲ. ಒಂದು ಪಿನ್ ಹಾರಿ ಗೋಡೆಗೆ ಬಡಿದು ವಾಪಸ್ ಬಂದು ಇನ್ನೊಂದನ್ನು ಬೀಳಿಸಬೇಕು.

ಟಿವಿಯಲ್ಲಿ ಪ್ರಸಾರವಾದ ಅಮೆರಿಕದ ವೃತ್ತಿಪರ ಪಂದ್ಯದಲ್ಲಿ ಇದನ್ನು ಮೊದಲು ಸಾಧಿಸಿದವರು ಮಾರ್ಕ್ ರಾತ್, 1980ರಲ್ಲಿ. 2021ರಲ್ಲಿ 18 ವರ್ಷದ ಆಂಥನಿ ನ್ಯೂಯರ್ ಹೀಗೆ ಮಾಡಿದ ನಾಲ್ಕನೆಯವರಾದರು. 41 ವರ್ಷಗಳಲ್ಲಿ ನಾಲ್ಕೇ ಬಾರಿ!

ಮುಂದಿನ ಸಲ ಹೀಗೆ ಮಾಡಿ ನೋಡಿ

• ದೂರದ ಪಿನ್ ನೋಡಬೇಡಿ. ಲೇನ್ ಮೇಲೆ ಸುಮಾರು 15 ಅಡಿ ದೂರದಲ್ಲಿರುವ ಬಾಣದ ಗುರುತುಗಳನ್ನು ನೋಡಿ ಎಸೆಯಿರಿ. ಹತ್ತಿರದ ಗುರಿಗೆ ಎಸೆಯುವುದು ಸುಲಭ.
• ಬಲಗೈಯವರು ನೇರ ಚೆಂಡನ್ನು ಲೇನ್‌ನ ಬಲ ಅಂಚಿನಿಂದ ಸುಮಾರು 20 ಸೆಂ.ಮೀ. ಒಳಗೆ ಬಿಟ್ಟು, ಬಲದಿಂದ ಎರಡನೇ ಬಾಣದ ಮೇಲೆ ಸಾಗಿಸಿದರೆ ಅದು ಪಾಕೆಟ್ ಕಡೆಗೇ ಹೋಗುತ್ತದೆ. ಎಡಗೈಯವರು ಇದನ್ನೇ ಎಡಗಡೆಯಿಂದ ಮಾಡಬಹುದು.
• ನಿಯಂತ್ರಣ ತಪ್ಪದೆ ಬೀಸಲು ಆಗುವಷ್ಟು ತೂಕದ ಚೆಂಡನ್ನೇ ಆರಿಸಿ. ತೀರಾ ಹಗುರವಾದರೆ ಹೆಚ್ಚು ವಾಲುತ್ತದೆ, ತೀರಾ ಭಾರವಾದರೆ ಕೈ ನೋಯುತ್ತದೆ.
• ಸ್ಪ್ಲಿಟ್ ಆದಾಗ ಯಾವ ಪಿನ್ ಉಳಿಯಿತು ಎಂದು ನೋಡಿ. 4 ಮತ್ತು 6 ನಿಂತರೆ ಚೆಂಡು ತೀರಾ ನಡುವೆ ಬಿದ್ದಿದೆ. 5 ಮತ್ತು 7 ನಿಂತರೆ ಚೆಂಡು ಬಲಕ್ಕೆ ಜಾರಿದೆ. ಇವೆರಡಕ್ಕೆ ಪರಿಹಾರ ಬೇರೆ ಬೇರೆ.
• 7-10 ಬಂದರೆ ಪವಾಡಕ್ಕೆ ಕಾಯದೆ ಒಂದು ಪಿನ್ ಬೀಳಿಸಿ ಅಂಕ ಗಳಿಸಿ.

ಕೊನೆಯ ಮಾತು

ಒಂದು ಸ್ಪ್ಲಿಟ್ ನೋಡಿ ಚೆನ್ನಾಗಿ ಎಸೆಯುತ್ತಿದ್ದವರು ತಮ್ಮ ಎಸೆತವನ್ನೇ ಬದಲಿಸಿಬಿಡುತ್ತಾರೆ. ಒಂದು ಅದೃಷ್ಟದ ಸ್ಟ್ರೈಕ್ ಸಿಕ್ಕವರು ತಪ್ಪು ಎಸೆತವನ್ನೇ ರೂಢಿ ಮಾಡಿಕೊಳ್ಳುತ್ತಾರೆ. ಹಾಗಾಗಿ ಒಂದು ಎಸೆತದ ಫಲಿತಾಂಶ ನೋಡಿ ತೀರ್ಮಾನಕ್ಕೆ ಬರಬೇಡಿ. ಹತ್ತಿಪ್ಪತ್ತು ಎಸೆತಗಳಲ್ಲಿ ಎಷ್ಟು ಪಾಕೆಟ್‌ಗೆ ಬಿದ್ದವು ಎಂದು ಎಣಿಸಿ. ನಿಮ್ಮ ಆಟ ಎಷ್ಟು ಸುಧಾರಿಸಿದೆ ಎಂಬುದು ಅದರಿಂದ ತಿಳಿಯುತ್ತದೆ. ಮುಂದಿನ ಬಾರಿ ಸ್ಪ್ಲಿಟ್ ಆದಾಗ 'ಮೆಷಿನ್ ಮೋಸ' ಎನ್ನುವ ಗೆಳೆಯರಿಗೆ ಈ ಲೆಕ್ಕ ಹೇಳಿ!