ಹಿಮದಲ್ಲಿ ಕೂತು ಮಾಡಿದ ಲೆಕ್ಕ

ನಾನು ಬಿ.ಎ., ಬಿ.ಎಡ್. ಮಾಡಿ ಚರಿತ್ರೆ ಹೇಳಿಕೊಡುವವಳು. ಬಹಳ ಹಿಂದೆ ವಿಜ್ಞಾನದ ಮೇಷ್ಟ್ರು ರಜೆ ಹಾಕಿದಾಗ ಪರಮಾಣು ಪಾಠ ನನ್ನ ತಲೆಗೆ ಬಂತು. ವಿದಳನವನ್ನು ಕಂಡುಹಿಡಿದವರು ಆಟೋ ಹಾನ್ ಮತ್ತು ಸ್ಟ್ರಾಸ್‌ಮನ್ ಎಂದು ಪುಸ್ತಕದಲ್ಲಿ ಇದ್ದದ್ದನ್ನೇ ಮಕ್ಕಳಿಗೆ ಬರೆಸಿದೆ. ಲೀಸೆ ಮೈಟ್ನರ್ ಎಂಬ ಹೆಸರು ನನ್ನ ಕಿವಿಗೆ ಬಿದ್ದದ್ದು ಎಷ್ಟೋ ವರ್ಷಗಳ ಮೇಲೆ.

ಆಕೆ ಹುಟ್ಟಿದ್ದು 1878ರಲ್ಲಿ, ವಿಯೆನ್ನಾದಲ್ಲಿ. ಆ ಊರಲ್ಲಿ ಹುಡುಗಿಯರ ಓದು ಆಗ ಹದಿನಾಲ್ಕಕ್ಕೇ ಮುಗಿಯುತ್ತಿತ್ತು. ಮನೆಪಾಠ ಹೇಳಿಸಿಕೊಂಡು, ಪರೀಕ್ಷೆ ಕಟ್ಟಿ, 1906ರಲ್ಲಿ ಡಾಕ್ಟರೇಟ್ ಪಡೆದರು. ಮರುವರ್ಷ ಬರ್ಲಿನ್ನಿಗೆ ಹೋದರೆ ಪ್ರಯೋಗಾಲಯದೊಳಗೆ ಹೆಂಗಸರಿಗೆ ಪ್ರವೇಶವಿಲ್ಲ! ನೆಲಮಾಳಿಗೆಯಲ್ಲಿ ಬಡಗಿಯ ಕೆಲಸದ ಹಳೆಯ ಕೋಣೆಯೊಂದನ್ನು ಕೊಟ್ಟರು, ಬಾಗಿಲೂ ಬೇರೆ. ಶೌಚಕ್ಕೆ ಬೀದಿಯ ಹೋಟೆಲಿಗೆ ಹೋಗಬೇಕು. ಹಳೆಯ ಶಾಲೆಗಳಲ್ಲಿ ಕೆಲಸ ಮಾಡಿದ ನನ್ನಂಥವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೀಗೆ ಶುರುವಾದ ಕೆಲಸ ಹಾನ್ ಜೊತೆಯಲ್ಲಿ ಮೂವತ್ತು ವರ್ಷ ನಡೆಯಿತು. ಹಿಟ್ಲರನ ಕಾಲದಲ್ಲಿ ಯಹೂದಿ ಕುಲದವರೆಂಬ ಕಾರಣಕ್ಕೆ 1938ರ ಜುಲೈನಲ್ಲಿ ಆಕೆ ಗುಟ್ಟಾಗಿ ದೇಶ ಬಿಡಬೇಕಾಯಿತು. ಕೈಯಲ್ಲಿದ್ದದ್ದು ಹತ್ತು ಮಾರ್ಕು. ಗಡಿಯಲ್ಲಿ ಯಾರಾದರೂ ತಡೆದರೆ ಕೊಡಲೆಂದು ಹಾನ್ ತಮ್ಮ ತಾಯಿಯ ವಜ್ರದುಂಗುರ ಕೊಟ್ಟಿದ್ದರು. ಅದನ್ನು ನೆನೆದಾಗ ಹಾನ್ ಮೇಲೆ ಪೂರ್ತಿ ಸಿಟ್ಟು ಮಾಡಲು ನನಗಾಗುವುದಿಲ್ಲ.

ಡಿಸೆಂಬರಿನಲ್ಲಿ ಆಕೆ ಸ್ವೀಡನ್ನಿನಲ್ಲಿದ್ದಾಗ ಹಾನ್ ಕಾಗದ ಬಂತು. ಯುರೇನಿಯಂಗೆ ನ್ಯೂಟ್ರಾನ್ ಹೊಡೆದರೆ ಬೇರಿಯಂ ಸಿಗುತ್ತಿದೆ, ಇದು ಹೇಗೆ? ಕಲ್ಲು ಹೊಡೆದರೆ ಬಂಡೆಯಿಂದ ಚೂರು ಹಾರಬಹುದು, ಬಂಡೆಯೇ ಎರಡಾಗುವುದುಂಟೆ? ಕುಂಗೆಲ್ವ್ ಎಂಬ ಊರಿಗೆ ಕ್ರಿಸ್ಮಸ್‌ಗೆ ಬಂದಿದ್ದ ಅಕ್ಕನ ಮಗ ಆಟೋ ಫ್ರಿಶ್‌ಗೆ ಕಾಗದ ತೋರಿಸಿದರು. ಅವನೂ ಭೌತಶಾಸ್ತ್ರಜ್ಞ. ಹಿಮದಲ್ಲಿ ಅವನು ಸ್ಕೀ ಕಟ್ಟಿಕೊಂಡು, ಅರವತ್ತರ ಚಿಕ್ಕಮ್ಮ ಕಾಲ್ನಡಿಗೆಯಲ್ಲಿ ಹೊರಟರು. ನಡುದಾರಿಯಲ್ಲಿ ಮರದ ದಿಮ್ಮಿಯ ಮೇಲೆ ಕೂತು, ಸಿಕ್ಕಿದ ಚೂರು ಕಾಗದದ ಮೇಲೆ ಲೆಕ್ಕ ಹಾಕಿದರು.

ಪರಮಾಣುವಿನ ಬೀಜ ಬಂಡೆಯಲ್ಲ, ನೀರಿನ ಹನಿಯಂತೆ. ಕಾದ ಕಾವಲಿಯ ಮೇಲೆ ಚಿಮುಕಿಸಿದ ಹನಿ ಅಲುಗಾಡಿ ಎರಡಾಗುವುದನ್ನು ನಾವೆಲ್ಲ ಕಂಡಿದ್ದೇವಲ್ಲ! ನ್ಯೂಟ್ರಾನ್ ಹೊಕ್ಕರೆ ಬೀಜವೂ ಹಾಗೆ ಉದ್ದಕ್ಕೆ ಎಳೆದು, ಸೊಂಟ ಸಣ್ಣಗಾಗಿ, ಒಡೆಯುತ್ತದೆ. ಯುರೇನಿಯಂನಲ್ಲಿ ಪ್ರೋಟಾನ್ 92. ಬೇರಿಯಂಗೆ 56 ಹೋದರೆ ಉಳಿದ 36 ಕ್ರಿಪ್ಟಾನ್. ಆದರೆ ತುಂಡುಗಳ ತೂಕ ಕೂಡಿಸಿದರೆ ಒಂದು ಪ್ರೋಟಾನಿನ ಐದನೇ ಒಂದು ಪಾಲಿನಷ್ಟು ಕಡಿಮೆ. ಆ ಹೋದ ತೂಕವೇ ಶಕ್ತಿಯಾಗುತ್ತದೆ. ಐನ್‌ಸ್ಟೈನರ ಸೂತ್ರಕ್ಕೆ ಹಾಕಿದರೆ 20 ಕೋಟಿ ಎಲೆಕ್ಟ್ರಾನ್ ವೋಲ್ಟ್. ತುಂಡುಗಳು ಒಂದನ್ನೊಂದು ದೂಡಿ ಹಾರುವ ಬಲವೂ ಅಷ್ಟೇ. ಲೆಕ್ಕ ಕೂಡಿಬಂತು.

1939ರ ಫೆಬ್ರವರಿಯಲ್ಲಿ ಇಬ್ಬರ ಹೆಸರಲ್ಲೂ ಇದು 'ನೇಚರ್' ಪತ್ರಿಕೆಯಲ್ಲಿ ಬಂತು. ಜೀವಕೋಶ ಇಬ್ಭಾಗವಾಗುವುದಕ್ಕೆ ಇದ್ದ 'ಫಿಷನ್' ಎಂಬ ಮಾತನ್ನು ಇದಕ್ಕೆ ಇಟ್ಟವನು ಫ್ರಿಶ್. ಬಾಂಬಿನ ಕೆಲಸಕ್ಕೆ ಕರೆ ಬಂದಾಗ ಮೈಟ್ನರ್ ಒಲ್ಲೆನೆಂದರು. 1944ರ ನೊಬೆಲ್ ಹಾನ್ ಒಬ್ಬರಿಗೇ ಹೋಯಿತು. 1968ರಲ್ಲಿ ಆಕೆ ತೀರಿಕೊಂಡರು. 109ನೇ ಮೂಲವಸ್ತುವಿಗೆ 'ಮೈಟ್ನೇರಿಯಂ' ಎಂಬ ಹೆಸರು ಗಟ್ಟಿಯಾದದ್ದು 1997ರಲ್ಲಿ.

ಮೊನ್ನೆ ಬಸ್‌ಸ್ಟ್ಯಾಂಡಿನಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬಳು ಸಿಕ್ಕಿದಳು, ಮಗಳೂ ಜೊತೆಗಿದ್ದಳು, ಹತ್ತನೇ ಕ್ಲಾಸಂತೆ. ಅಲ್ಲೇ ನಿಂತು ಇಷ್ಟನ್ನೂ ಹೇಳಿದೆ.

"ಹಾಗಾದರೆ ಅವತ್ತು ನೀವು ಬರೆಸಿದ್ದು ತಪ್ಪಾ, ಟೀಚರ್?" ಎಂದಳು ತಾಯಿ.

"ಅರ್ಧ ಬರೆಸಿದ್ದೆ ಕಣೆ," ಎಂದೆ.