ಇಸಿಜಿ ‘ನಾರ್ಮಲ್’ ಅಂದ್ರೆ ಹೃದಯ ಸೇಫ್ ಅಂತಲ್ಲ

ಅಪ್ಪನಿಗೆ ಎದೆ ಹಿಡಿದಂತಾದಾಗ ಹತ್ತಿರದ ಕ್ಲಿನಿಕ್‌ನಲ್ಲಿ ಇಸಿಜಿ ಮಾಡಿಸಿದೆವು. ‘ನಾರ್ಮಲ್ ಇದೆ, ಗ್ಯಾಸ್ಟ್ರಿಕ್ ಇರ್ಬೇಕು’ ಅಂದ್ರು. ಎರಡು ಗಂಟೆ ಕಳೆದು ನೋವು ಜಾಸ್ತಿಯಾಯ್ತು. ದೊಡ್ಡಾಸ್ಪತ್ರೆಯಲ್ಲಿ ಮತ್ತೆ ತೆಗೆದ ಇಸಿಜಿಯಲ್ಲಿ ಹೃದಯಾಘಾತ ಎದ್ದು ಕಾಣುತ್ತಿತ್ತು. ಅಪ್ಪ ಉಳಿದರು. ಆ ಕಾಗದದ ಪಟ್ಟಿ ಏನು ಹೇಳುತ್ತೆ, ಏನು ಹೇಳಲ್ಲ ಅಂತ ನಾನು ಓದಲು ಶುರುಮಾಡಿದ್ದು ಆಮೇಲೆ.

ಏನು ಹೇಳುತ್ತೆ?

ಪ್ರತಿ ಬಡಿತಕ್ಕೂ ಮುಂಚೆ ಹೃದಯದಲ್ಲಿ ಸಣ್ಣ ವಿದ್ಯುತ್ ಸಂಕೇತ ಹರಿಯುತ್ತದೆ. ಮೈಮೇಲೆ 10 ಕಡೆ ವೈರು ಜೋಡಿಸಿ, ಅದನ್ನು 12 ಕೋನಗಳಿಂದ ದಾಖಲಿಸುವುದೇ ಇಸಿಜಿ. ಸೂಜಿ ಚುಚ್ಚುವುದಿಲ್ಲ, ಕೊಯ್ಯುವುದಿಲ್ಲ. ಇದಕ್ಕೆ ದಾರಿ ಮಾಡಿದ ನೆದರ್ಲೆಂಡ್ಸ್‌ನ ವಿಲೆಮ್ ಐಂಥೋವನ್‌ಗೆ 1924ರಲ್ಲಿ ನೊಬೆಲ್ ಬಂತು.

ಗೆರೆಯಲ್ಲಿ ‘ಎಸ್‌ಟಿ’ ಎಂಬ ಭಾಗ ಮೇಲೆದ್ದಿದ್ದರೆ, ಹೃದಯದ ರಕ್ತನಾಳ ಮುಚ್ಚಿಹೋಗಿರುವ ಸೂಚನೆ ಇರಬಹುದು. ‘ಕ್ಯೂಟಿ’ ಅವಧಿ ತುಂಬಾ ಉದ್ದವಾಗಿದ್ದರೆ ಬಡಿತ ದಿಢೀರ್ ಹಳಿತಪ್ಪುವ ಅಪಾಯವಿದೆ. 2019ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ಸಂಶೋಧಕರು ಇನ್ನೂ ಮುಂದೆ ಹೋದರು: ಲಯ ಸರಿಯಿರುವ ಇಸಿಜಿಯಲ್ಲೂ ‘ಏಟ್ರಿಯಲ್ ಫಿಬ್ರಿಲೇಷನ್’ ಎಂಬ ಲಯದೋಷದ ಸುಳಿವನ್ನು ಎಐ ಹಿಡಿಯಬಲ್ಲದು ಅಂತ ತೋರಿಸಿದರು.

ಏನು ಹೇಳಲ್ಲ?

ಸಾಮಾನ್ಯ ಇಸಿಜಿ ಸುಮಾರು 10 ಸೆಕೆಂಡಿನ ದಾಖಲೆ ಅಷ್ಟೇ. ರಕ್ತನಾಳ ಕಿರಿದಾಗಿದ್ದರೂ ಸುಮ್ಮನೆ ಮಲಗಿದ್ದಾಗ ಗೆರೆ ಸರಿಯಾಗೇ ಇರಬಹುದು. ಹೃದಯಾಘಾತದ ಆರಂಭದಲ್ಲೂ ಹೀಗಾಗುತ್ತೆ. ಅದಕ್ಕೇ ನೋವು ನಿಲ್ಲದಿದ್ದರೆ ಇಸಿಜಿ ಮತ್ತೆ ತೆಗೆಯಬೇಕು, ರಕ್ತದಲ್ಲಿ ಟ್ರೋಪೋನಿನ್ ನೋಡಬೇಕು. ಅಪ್ಪನಿಗೆ ಮೊದಲು ಹೋದ ಕಡೆ ಇವೆರಡೂ ಆಗಲಿಲ್ಲ.

ಇದರಲ್ಲಿ ರಾಜಕೀಯ ಎಲ್ಲಿ?

ಎದೆನೋವು ಅಂತ ಬಂದವರಿಗೆ 10 ನಿಮಿಷದೊಳಗೆ ಇಸಿಜಿ ಆಗಬೇಕು ಎನ್ನುತ್ತವೆ ಅಂತರರಾಷ್ಟ್ರೀಯ ಮಾರ್ಗಸೂಚಿಗಳು. ಕರ್ನಾಟಕದ ‘ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಯೋಜನೆಯ ಲೆಕ್ಕಾಚಾರ ಸರಿಯಾಗಿದೆ: ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರು ದೂರದಿಂದಲೇ ನೋಡುತ್ತಾರೆ. ಅಗತ್ಯವಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಸಿಗುತ್ತದೆ.

ಹಾಗಾದರೆ ನಮ್ಮ ಶಾಸಕರಿಗೆ ಕೇಳಬೇಕಾದ್ದು ಇಷ್ಟು. ರಾತ್ರಿ ಎರಡು ಗಂಟೆಗೆ ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆಯೋರು ಇರ್ತಾರಾ? ಇಂಜೆಕ್ಷನ್ ಸ್ಟಾಕ್ ಇರುತ್ತಾ? ಮೊದಲ ಇಸಿಜಿ ನಾರ್ಮಲ್ ಬಂದ ರೋಗಿಯನ್ನು ಮನೆಗೆ ಕಳಿಸದೆ ಕೂರಿಸಿಕೊಳ್ಳಲು ಒಂದು ಹಾಸಿಗೆಯಾದರೂ ಖಾಲಿ ಇರುತ್ತಾ?